ಹಾಜರಿ ಪುಸ್ತಕದ ಹದಿನಾಲ್ಕನೆಯ ಸಾಲು

ಆ ಪುಸ್ತಕವನ್ನು ಬಾಗಿಲ ಬಳಿ ಇಟ್ಟವಳು ನಾನೇ. ವಿಜಯನಗರದ ನಮ್ಮ ವಾಚನಾಲಯದ ಮಹಡಿಯಲ್ಲಿ ಯಾವ ಸಭೆ ನಡೆದರೂ ಬಂದವರು ಹೆಸರು, ಪೂರ್ತಿ ವಿಳಾಸ ಬರೆದು ಸಹಿ ಹಾಕಿಯೇ ಒಳಗೆ ಹೋಗಬೇಕಿತ್ತು. ಬಿ.ಎಸ್ಸಿ. ಮುಗಿಸಿ ಅಲ್ಲಿನ ಭಾನುವಾರದ ಚರ್ಚೆಗಳನ್ನು ನೋಡಿಕೊಳ್ಳುತ್ತಿದ್ದ ನಾನು ಈ ರೂಢಿಯನ್ನು ಒಂದು ವಾರವೂ ತಪ್ಪಿಸಿದವಳಲ್ಲ.

ಎರಡು ಸಾವಿರದ ದಶಕದ ನಡುವಿನ ಮಾತು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುವವರಿಗೆ, ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕುವವರಿಗೆ ಹೇಗೆ ಚಿಕಿತ್ಸೆ ಕೊಡಬೇಕೆಂದು ಹೊರದೇಶಗಳ ವೈದ್ಯರು ಕೂಡಿ ಒಂದು ಮಾರ್ಗಸೂಚಿ ಬರೆದಿದ್ದರು. ಅದನ್ನು ನಮ್ಮ ಆಸ್ಪತ್ರೆಗಳು ಒಪ್ಪಬೇಕೇ ಎಂಬುದು ಅಂದಿನ ಚರ್ಚೆ. ಅದರ ಸಾರಾಂಶವನ್ನು ನಾನು ನಾಲ್ಕು ಪುಟ ಕನ್ನಡದಲ್ಲಿ ಬರೆದು ಜೆರಾಕ್ಸ್ ಮಾಡಿಸಿದ್ದೆ. ಎಲ್ಲರೂ ಬೆರಳಿಟ್ಟದ್ದು ಒಂದೇ ಜಾಗಕ್ಕೆ: ಶಸ್ತ್ರಚಿಕಿತ್ಸೆಗೆ ಮೊದಲು ಆ ವ್ಯಕ್ತಿ ಒಂದು ವರ್ಷ ತಾನು ಬಯಸಿದ ಹಾಗೆ ನಾಲ್ಕು ಜನರ ನಡುವೆ ಬದುಕಿ ತೋರಿಸಬೇಕು.

ಅವಳು ಬಂದಾಗ ಹತ್ತೂವರೆ. ಇಸ್ತ್ರಿ ಮಾಡಿದ ಹತ್ತಿ ಸೀರೆ, ಎರಡು ಕೈಗೂ ಬಳೆ. ಹೆಸರು ಬರೆದು ವಿಳಾಸದ ಜಾಗ ಖಾಲಿ ಬಿಟ್ಟಳು.

"ಅಡ್ರೆಸ್ ಬರೀರಿ," ಎಂದೆ.

"ಬೇಡ ಅಕ್ಕ. ಮನೆ ಓನರ್ ಆಂಟಿಗೆ ನನ್ ವಿಷ್ಯ ಗೊತ್ತಿಲ್ಲ. ಹತ್ತು ತಿಂಗ್ಳು ಮುಗೀತು. ಇನ್ನೆರಡು ಕಳೆದ್ರೆ ಡಾಕ್ಟ್ರು ಆಪರೇಷನ್‌ಗೆ ಲೆಟರ್ ಕೊಡ್ತಾರೆ."

"ಇದನ್ನ ಯಾರು ನೋಡ್ತಾರೆ? ಬೀರುವಲ್ಲಿ ಧೂಳು ತಿಂತಾ ಬಿದ್ದಿರತ್ತೆ. ರೂಲ್ಸು ಕಣ್ರೀ."

ಬರೆದಳು. ಬಿನ್ನಿಪೇಟೆ, ಕ್ರಾಸು, ವಠಾರದ ಬಾಗಿಲ ನಂಬರು. ಹದಿನಾಲ್ಕನೆಯ ಸಾಲು.

ನಿವೃತ್ತ ಮೇಷ್ಟ್ರೊಬ್ಬರು ಮಾರ್ಗಸೂಚಿಯನ್ನು ವಿರೋಧಿಸಿದರು. "ಅವರ ದೇಶದ ಮೈಯಳತೆಗೆ ಹೊಲಿದ ಅಂಗಿ ಇದು, ನಮಗ್ಯಾಕೆ?" ಚರ್ಚೆಗೆ ಕರೆದಿದ್ದ ಮನೋವೈದ್ಯರು ಎದ್ದರು; ಅವಳಿಗೆ ಚಿಕಿತ್ಸೆ ಕೊಡುತ್ತಿದ್ದವರೂ ಅವರೇ. "ಅಳತೇನೇ ಇಲ್ದೆ ಕತ್ತರಿ ಹಿಡಿಯೋರ ಹತ್ರ ಹೋಗಿ ಸಾಯ್ತಿದಾರಲ್ಲ ಸಾರ್, ಅವರಿಗೇನ್ ಹೇಳ್ತೀರಿ?" ಆಗ ಹಿಂದಿನ ಬೆಂಚಿನಿಂದ ಅವಳು ಕೇಳಿದಳು: "ಒಂದ್ ವರ್ಷ ಬದುಕಿ ತೋರ್ಸು ಅಂತೀರ. ಯಾವ ರೋಡಲ್ಲಿ ಸಾರ್? ಒಂದ್ ರೋಡ್ ಹೆಸ್ರು ಹೇಳಿ." ಯಾರೋ ನಕ್ಕರು. ವೈದ್ಯರು ಕನ್ನಡಕ ತೆಗೆದು ಒರೆಸತೊಡಗಿದರು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿಗಳ ಸದ್ದು.

ಎಂಟು ಜನ. ಕೆಲವರ ಕೈಯಲ್ಲಿ ಹಾಕಿ ಸ್ಟಿಕ್ಕು, ಒಬ್ಬನ ಕೈಯಲ್ಲಿ ಕಬ್ಬಿಣದ ಸರಳು. "ನಮ್ ಏರಿಯಾದಲ್ಲಿ ಚಕ್ಕಗಳ ಮೀಟಿಂಗಾ?" ಮೊದಲು ಅಡ್ಡ ಹೋದವರು ಮೇಷ್ಟ್ರು. "ಏಯ್, ನಾನೂ ವಿರೋಧಾನೇ ಕಣ್ರೋ, ಕೂತ್ಕೊಳ್ಳಿ, ಮಾತಾಡೋಣ." ಸರಳು ಅವರ ಮೊಣಕಾಲಿಗೆ ಬಿತ್ತು. ಅವರು ಕುಸಿದ ಮೇಲೂ ಇನ್ನೊಂದು ಬಿತ್ತು. ಕುರ್ಚಿಗಳು ಕಿಟಕಿಗೆ ಅಪ್ಪಳಿಸಿದವು. ವೈದ್ಯರ ಹುಬ್ಬು ಸೀಳಿ ಕಣ್ಣೊಳಗೆ ರಕ್ತ ಇಳಿಯುತ್ತಿತ್ತು. ಅವಳು ತಲೆಗೆ ಏಟು ತಿಂದು ಪುಸ್ತಕದ ಕಪಾಟಿನ ಸಂದಿಗೆ ತೆವಳಿಹೋದದ್ದು ನನಗೊಬ್ಬಳಿಗೇ ಕಂಡಿತು.

ಒಬ್ಬ ಹಾಜರಿ ಪುಸ್ತಕ ಎತ್ತಿಕೊಂಡ. "ಮಗಾ, ಅಡ್ರೆಸ್ ಸಮೇತ ಬರ್ದಿಟ್ಟವ್ರೆ ನೋಡೋ!" ನನ್ನ ಜಡೆ ಸುತ್ತಿ ಹಿಡಿದು ಮುಖವನ್ನು ಪುಟದ ಮೇಲೆ ಬಗ್ಗಿಸಿದ. "ಇದ್ರಲ್ಲಿ ಅವ್ನು ಯಾವನು? ಹೇಳೇ."

ನಾನು ಹೇಳಲಿಲ್ಲ. ಆದರೆ ನನ್ನ ಕಣ್ಣು ಹದಿನಾಲ್ಕನೆಯ ಸಾಲಿಗೆ ಹೋಯಿತು. ಅವನು ಪುಟ ನೋಡುತ್ತಿರಲಿಲ್ಲ, ನನ್ನ ಕಣ್ಣನ್ನು ನೋಡುತ್ತಿದ್ದ.

ಪುಟ ಹರಿದ ಸದ್ದು, ಕೆಳಗೆ ಬೈಕುಗಳ ಸದ್ದು. ಅವಳು ಸಂದಿಯಿಂದ ಹೊರಬಂದು ಮೊದಲು ಹೇಳಿದ್ದು, "ಅಕ್ಕ, ನನ್ ಫೈಲ್ ರೂಮಲ್ಲಿದೆ." ಮನೆಯ ಕರಾರು, ಕೆಲಸದ ಗುರುತಿನ ಚೀಟಿ, ತಿಂಗಳು ತಿಂಗಳೂ ವೈದ್ಯರು ಬರೆದ ಚೀಟಿಗಳು. ಅವಳು ಹತ್ತು ತಿಂಗಳು ಹೆಣ್ಣಾಗಿ ಬದುಕಿದ್ದಕ್ಕೆ ಬೇರೆ ಸಾಕ್ಷಿ ಇರಲಿಲ್ಲ.

ಆಟೊದಲ್ಲಿ ಹೋದೆವು. ಅವರು ಮೊದಲೇ ತಲುಪಿದ್ದರು. ವಠಾರದ ಅಂಗಳದಲ್ಲಿ ಟ್ರಂಕು ಬೋರಲಾಗಿ ಬಿದ್ದಿತ್ತು, ಫೈಲು ಬಟ್ಟೆ ಒಗೆಯುವ ಕಲ್ಲಿನ ಮೇಲೆ. ಒಬ್ಬ ಬೆಂಕಿಕಡ್ಡಿ ಗೀರುತ್ತಿದ್ದ. ಅವಳು ಓಡಿಹೋಗಿ ಫೈಲಿನ ಮೇಲೆ ಬಿದ್ದಳು. ಸ್ಟಿಕ್ಕು ಅವಳ ಬೆನ್ನಿಗೆ, ಭುಜಕ್ಕೆ, ಆಮೇಲೆ ಕಲ್ಲಿನ ಮೇಲೆ ಚಾಚಿದ್ದ ಬಲಗೈಗೆ ಬಿತ್ತು. ಮೂಳೆ ಮುರಿದ ಸದ್ದು ಸಣ್ಣದು. ಮನೆಯಲ್ಲಿ ಯಾರಾದರೂ ನುಗ್ಗೆಕಾಯಿ ಮುರಿದರೆ ಈಗಲೂ ಎದ್ದು ಹೊರಗೆ ಹೋಗುತ್ತೇನೆ.

ಅವಳನ್ನು ಉಳಿಸಿದ್ದು ಮನೆಯ ಒಡತಿ. ಭಾನುವಾರದ ತಲೆಸ್ನಾನಕ್ಕೆ ಹಂಡೆಯಲ್ಲಿ ಕುದಿಯುತ್ತಿದ್ದ ನೀರನ್ನು ಚೊಂಬಿನಲ್ಲಿ ಮೊಗೆದು ಅವರ ಮೇಲೆ ಎರಚಿದರು. "ಹೆಣ್ಮಗು ಮೇಲೆ ಕೈ ಮಾಡ್ತೀರೇನ್ರೋ, ನಿಮ್ ಕೈ ಸೇದೋಗ!" ಬೆಂದ ತೋಳು ಹಿಡಿದು ಓಡುತ್ತ ಒಬ್ಬ ಕೂಗಿದ, "ಹೆಣ್ಣಲ್ಲ ಆಂಟಿ ಅದು! ಸೀರೆ ಬಿಚ್ಚಿ ನೋಡಿ!"

ಆಕೆ ಎತ್ತಿದ ಚೊಂಬು ಇನ್ನೂ ಎತ್ತಿದಂತೆಯೇ ಇತ್ತು. ಅದನ್ನು ಕೆಳಗಿಟ್ಟು ಅವಳ ಕಡೆ ತಿರುಗಿದರು.

"ಹತ್ತು ತಿಂಗ್ಳು ನನ್ ಕೈಯಿಂದ ಸಾರು ಇಸ್ಕೊಂಡ್ ತಿಂದ್ಯಲ್ಲೇ. ಒಂದ್ ಮಾತು ಹೇಳ್ಬಾರ್ದಿತ್ತಾ?" ಆಮೇಲೆ ಬೇರೆಡೆ ನೋಡುತ್ತ, "ಆಸ್ಪತ್ರೆಗೆ ಹೋಗು ಮೊದ್ಲು. ನಾಳೆ ರೂಮ್ ಖಾಲಿ ಮಾಡು."

ಮರುವಾರ ಬಸವೇಶ್ವರನಗರದ ಕ್ಲಿನಿಕ್ಕಿಗೆ ಅವಳ ಜೊತೆ ಹೋದೆ. ವೈದ್ಯರ ಹುಬ್ಬಿಗೆ ಹೊಲಿಗೆ ಬಿದ್ದಿತ್ತು. ರಕ್ತ ಒಣಗಿ ಅಂಟಿಕೊಂಡಿದ್ದ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. "ಇನ್ನೆರಡು ತಿಂಗಳು ಉಳಿದಿದೆ. ಆದ್ರೆ ಈಗ ಎಲ್ಲಿದೀಯಮ್ಮ? ವಿಳಾಸ ಇಲ್ದೆ ನಾನ್ ಲೆಟರ್ ಬರೆದ್ರೆ ಆಪರೇಷನ್ ಮಾಡೋರು ಒಪ್ಪಲ್ಲ."

ಅವಳ ಬಲಗೈ ಪ್ಲಾಸ್ಟರಿನಲ್ಲಿತ್ತು. ಫಾರಂ ನನ್ನ ಮುಂದೆ ಬಂತು. ರಾಜಾಜಿನಗರದಲ್ಲಿ ನಾನೂ ಅಮ್ಮನೂ ಇಬ್ಬರೇ ಇದ್ದೆವು. ನಮ್ಮ ಮನೆಯ ನಂಬರು ಬರೆದೆ. ಕ್ರಾಸು ಬರೆಯುವಲ್ಲಿ ಪೆನ್ನು ನಿಂತಿತು. ಅದು ನಿಂತದ್ದನ್ನು ಅವಳು ನೋಡಿದಳು.

"ಖಾಲಿ ಬಿಡಿ ಅಕ್ಕ, ಪರ್ವಾಗಿಲ್ಲ," ಎಂದಳು. ಅಣಕವಿರಲಿಲ್ಲ, ನಿಜವಾಗಿಯೇ ಹೇಳಿದಳು.

ಪೂರ್ತಿ ಬರೆದೆ. ಕೊನೆಯ ಪದಗಳನ್ನು ಎಷ್ಟು ಅವಸರದಲ್ಲಿ ಗೀಚಿದ್ದೆನೆಂದರೆ ವೈದ್ಯರು ಓದಲಾಗದೆ, ನನ್ನ ಬಾಯಿಂದ ಹೇಳಿಸಿಕೊಂಡು ಮತ್ತೆ ಬರೆದುಕೊಂಡರು. ಎರಡು ತಿಂಗಳು ಅವಳು ನಮ್ಮ ನಡುಮನೆಯಲ್ಲಿ ಮಲಗಿದಳು. ಬಾಗಿಲ ಮುಂದೆ ಬೈಕು ನಿಂತಾಗಲೆಲ್ಲ ಎದ್ದು ಅಗುಳಿ ನೋಡುತ್ತಿದ್ದವಳು ನಾನು, ಅವಳಲ್ಲ.