ಸಮೀಕರಣಕ್ಕೊಂದು ಸೀಟು

ಹೋದ ವಾರ ಇಟ್ಟಮಡುವಿನ ಪಂಚರ್ ಅಂಗಡಿಯ ಮುಂದೆ ನಿಂತಿದ್ದೆ. ನನ್ನ ಸ್ಕೂಟರಿನ ಹಿಂದಿನ ಚಕ್ರ ಬಿಚ್ಚಿಕೊಂಡು ಕೂತಿದ್ದ ಅಂಗಡಿಯವನು ಟ್ಯೂಬಿನ ಮೇಲೆ ರಬ್ಬರ್ ಸೊಲ್ಯೂಷನ್ ಹಚ್ಚಿ ಉಫ್ ಎಂದು ಊದಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಗಣಿತದ ಮೇಷ್ಟ್ರು ನೆನಪಾದರು. ಪಂಚರ್ ಅಂಗಡಿಗೂ ಗಣಿತಕ್ಕೂ ಎಲ್ಲಿಗೆಲ್ಲಿಯ ನಂಟು ಎಂದು ಕೇಳಿದವರು ಪಕ್ಕಕ್ಕಿರಲಿ. ನನಗೆ ಇಂದಿಗೂ ಆ ವಾಸನೆ ಎಂದರೆ ಕ್ಯಾಲ್ಕುಲಸ್. "ಆಂಟಿ, ಸ್ವಲ್ಪ ದೂರ ನಿಂತ್ಕೊಳ್ಳಿ, ತಲೆ ನೋವು ಬರುತ್ತೆ" ಎಂದ ಅಂಗಡಿಯವನು. ನಾನು ಇನ್ನೂ ಒಂದು ಹೆಜ್ಜೆ ಹತ್ತಿರ ಹೋದೆ.

ಮೇಷ್ಟ್ರು ಜಯನಗರದ ಒಂದು ಕಾಲೇಜಿನಲ್ಲಿ ನನಗೆ ಬಿ.ಎಸ್ಸಿ. ಪಾಠ ಮಾಡಿದವರು. ಎಂಬತ್ತರ ದಶಕದ ಆರಂಭ. ಆಗ ಬಿಳೇಕಹಳ್ಳಿ ಇನ್ನೂ ಹಳ್ಳಿಯೇ. ಅಪ್ಪ ಅಲ್ಲಿ ರಾಗಿ, ಸೊಪ್ಪು ಬೆಳೆಯುತ್ತಿದ್ದರು. ನಾನು ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯನ್ನು ಹೇಗೋ ಬಾಯಿಪಾಠದ ಬಲದಲ್ಲಿ ದಾಟಿ ಕಾಲೇಜಿಗೆ ಬಂದವಳು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಮೊದಲ ತಿಂಗಳು ನನಗೆ ಇಡೀ ತರಗತಿಯಲ್ಲಿ ಅರ್ಥವಾಗುತ್ತಿದ್ದದ್ದು ಹಾಜರಿ ಕೂಗುವುದು ಮಾತ್ರ.

ಆದರೆ ಈ ಮೇಷ್ಟ್ರಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಮುಖ್ಯವಾದ ಸಮೀಕರಣ ಬಂದಾಗ ಇಡೀ ಬೋರ್ಡನ್ನು ಒರೆಸಿ, ನಟ್ಟನಡುವೆ ಅದೊಂದನ್ನೇ ಬರೆಯುತ್ತಿದ್ದರು. ಆಮೇಲೆ ಸೀಮೆಸುಣ್ಣ ಕೆಳಗಿಟ್ಟು, ವೇದಿಕೆ ಇಳಿದು, ನೆಟ್ಟಗೆ ಕೊನೆಯ ಬೆಂಚಿಗೆ ಬಂದು ನಮ್ಮ ಪಕ್ಕ ಕೂತುಬಿಡುತ್ತಿದ್ದರು. "ಯಾರೂ ಮಾತಾಡ್ಬೇಡಿ, ಸುಮ್ನೆ ನೋಡಿ" ಎನ್ನುತ್ತಿದ್ದರು. ಅವರೂ ನೋಡುತ್ತಿದ್ದರು, ತಾವು ಬರೆದದ್ದೇ ಅಲ್ಲವೇನೋ ಎಂಬಂತೆ. ಆ ಮೌನದಲ್ಲಿ ಇಂಗ್ಲಿಷ್ ಇರಲಿಲ್ಲ. ಯಾವುದು ಮೇಲಿದೆ, ಯಾವುದು ಕೆಳಗಿದೆ, ಯಾವುದನ್ನು ಯಾವುದು ಹಿಡಿದುಕೊಂಡಿದೆ ಎಂದು ನೋಡುತ್ತಾ ನೋಡುತ್ತಾ ಒಂದು ದಿನ ನನಗೆ ಇದ್ದಕ್ಕಿದ್ದಂತೆ ಎಲ್ಲ ತಿಳಿದುಹೋಯಿತು. ಮೈ ಜುಮ್ಮೆಂದಿತು. ಅಂಥ ಸಂತೋಷ ನನಗೆ ಮದುವೆಯ ದಿನವೂ ಆಗಲಿಲ್ಲ ಎಂದರೆ ನಮ್ಮ ಮನೆಯವರು ಬೇಸರ ಮಾಡಿಕೊಳ್ಳಬಾರದು.

ಎಲ್ಲರಿಗೂ ಹಾಗಾಗಲಿಲ್ಲ. ನನ್ನ ಪಕ್ಕ ಕೂರುತ್ತಿದ್ದ ಮಡಿವಾಳದ ಹುಡುಗಿ ದಸರಾ ರಜೆಗೆಂದು ಹೋದವಳು ತಿರುಗಿ ಬರಲಿಲ್ಲ. ಅವಳಿಗೆ ಲೆಕ್ಕ ಬರುತ್ತಿತ್ತು, ಪುಸ್ತಕದ ಭಾಷೆ ಬರುತ್ತಿರಲಿಲ್ಲ. ಮೇಷ್ಟ್ರು ತುಂಬಾ ದಿನ ಅವಳ ವಿಷಯ ಕೇಳುತ್ತಿದ್ದರು. "ಮನೇಲಿ ಕೂತು ಓದ್ಕೊಳ್ಳೋ ಹಾಗೆ ಕನ್ನಡದಲ್ಲಿ ಒಂದು ಪುಸ್ತಕ ಇದ್ದಿದ್ರೆ ಆ ಮಗು ಹೋಗ್ತಿರ್ಲಿಲ್ಲ" ಎಂದು ಒಮ್ಮೆ ಹೇಳಿದರು. ಆ ಪುಸ್ತಕವನ್ನು ಅವರು ಬರೆದು ಮುಗಿಸಿ ಎಷ್ಟೋ ವರ್ಷಗಳಾಗಿದ್ದವು ಎಂದು ನನಗೆ ಆಗ ಗೊತ್ತಿರಲಿಲ್ಲ.

ಎಪ್ಪತ್ತರ ದಶಕದಲ್ಲೇ ಅದು ಅಚ್ಚಿಗೆ ಹೋಗಿತ್ತಂತೆ. ಚಾಮರಾಜಪೇಟೆಯ ಒಂದು ಪ್ರೆಸ್ಸು. ಅಲ್ಲಿ ಸೀಸದ ಅಚ್ಚಿನ ಮೊಳೆ ಜೋಡಿಸುವವರು ಕನ್ನಡವನ್ನು ಮುತ್ತು ಪೋಣಿಸಿದಂತೆ ಜೋಡಿಸಿದರು, ಸಮೀಕರಣ ಬಂದಾಗ ಕೈಚೆಲ್ಲಿದರು. ಭಿನ್ನರಾಶಿಯನ್ನು ಒಂದರ ಮೇಲೊಂದು ಕೂರಿಸಲು ಅವರಲ್ಲಿ ಮೊಳೆಯಿರಲಿಲ್ಲ. ಹಾಗಾಗಿ ಎಲ್ಲವನ್ನೂ ಮಲಗಿಸಿ, ನಡುವೆ ಓರೆಗೆರೆ ಎಳೆದು, ಕನ್ನಡದ ಸಾಲಿನೊಳಗೇ ತುರುಕಿದ್ದರು. ಕರಡು ನೋಡಿದ ಮೇಷ್ಟ್ರು ಹಸ್ತಪ್ರತಿಯನ್ನು ವಾಪಸು ತೆಗೆದುಕೊಂಡು ಮನೆಗೆ ನಡೆದರಂತೆ. ಅಷ್ಟೆ. ಮತ್ತೆ ಹತ್ತು ಹನ್ನೆರಡು ವರ್ಷ ಅದರ ಮಾತೆತ್ತಲಿಲ್ಲ.

ಡಿಗ್ರಿ ಮುಗಿಸಿ ನಾಲ್ಕೈದು ವರ್ಷಕ್ಕೆ ನಾನು ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲಿದ್ದ ಕಂಪ್ಯೂಟರ್ ಸೆಂಟರಿಗೆ ಸೇರಿದೆ. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಸಂಶೋಧನೆ ಮಾಡುವವರ ಪ್ರಬಂಧಗಳನ್ನು ಟೈಪ್ ಮಾಡಿಕೊಡುವುದು ನಮ್ಮ ಕೆಲಸ. ನಮ್ಮ ಓನರ್ ಯಾರ ಮೂಲಕವೋ ಒಂದು ಹೊಸ ಸಾಫ್ಟ್‌ವೇರ್ ತರಿಸಿದ್ದರು, ಗಣಿತವನ್ನು ಗಣಿತದ ಹಾಗೇ ಅಚ್ಚು ಮಾಡುವಂಥದ್ದು. ಅದನ್ನು ಕಲಿತವಳು ನಾನೊಬ್ಬಳೇ ಆದ್ದರಿಂದ ಅಲ್ಲಿ ನನ್ನ ಮಾತಿಗೆ ಸ್ವಲ್ಪ ಬೆಲೆಯಿತ್ತು. ಒಂದು ಸಂಜೆ ಬಸ್ಸಿನಲ್ಲಿ ಸಿಕ್ಕ ಮೇಷ್ಟ್ರಿಗೆ ಈ ವಿಷಯ ಹೇಳಿದೆ. ಮಾರನೆಯ ದಿನ ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಹೊತ್ತಿಗೆ ಅವರು ಮೆಟ್ಟಿಲ ಮೇಲೆ ಕೂತಿದ್ದರು, ತೊಡೆಯ ಮೇಲೆ ಬಟ್ಟೆಯ ಚೀಲ ಇಟ್ಟುಕೊಂಡು.

ಅದರೊಳಗಿದ್ದ ಹಸ್ತಪ್ರತಿಯಿಂದ ಒಂದು ಸಮೀಕರಣ ಟೈಪ್ ಮಾಡಿದೆ. ಆ ಸಾಫ್ಟ್‌ವೇರಿನಲ್ಲಿ ಬರೆಯುವಾಗ ಸಮೀಕರಣ ಕಾಣುತ್ತಿರಲಿಲ್ಲ, ಬರೀ ಓರೆಗೆರೆ, ಆವರಣ, ಇಂಗ್ಲಿಷ್ ಚೂರುಗಳು. ಮೇಷ್ಟ್ರು ಕನ್ನಡಕ ಮೇಲೇರಿಸಿ ಪರದೆಯ ಹತ್ತಿರ ಬಗ್ಗಿದರು.

"ಇದೇನಮ್ಮ ಇದು? ಇರುವೆ ಸಾಲು ಹೊರಟಂಗಿದೆ. ಗಣಿತ ಎಲ್ಲಿ?"

"ಬರುತ್ತೆ ಇರಿ ಸಾರ್."

ಸಮೀಕರಣದ ಹಿಂದೆ ಮುಂದೆ ಒಂದೊಂದು ಡಾಲರ್ ಚಿಹ್ನೆ ಹಾಕಿದರೆ ಅದು ಸಾಲಿನೊಳಗೇ ಉಳಿಯುತ್ತಿತ್ತು. ಎರಡೆರಡು ಹಾಕಿದರೆ ಸಾಲು ಬಿಟ್ಟು ಹೊರಗೆ ಬಂದು, ಪುಟದ ನಡುವೆ ಸ್ವತಂತ್ರವಾಗಿ ನಿಲ್ಲುತ್ತಿತ್ತು. ಎರಡೂ ಥರ ತೆಗೆದು ತೋರಿಸಿದೆ. ಮೊದಲನೆಯದರಲ್ಲಿ ಸಂಕಲನದ ಚಿಹ್ನೆ ಸಿಗ್ಮಾ ಮುದುಡಿ, ಅದರ ಮೇಲಿನ ಕೆಳಗಿನ ಅಂಕಿಗಳು ಪಕ್ಕಕ್ಕೆ ಸರಿದು, ಭಿನ್ನರಾಶಿ ಕುಗ್ಗಿ, ಒಟ್ಟಿನಲ್ಲಿ ತುಂಬಿದ ಬಸ್ಸಿನೊಳಗೆ ಸಿಕ್ಕಿಕೊಂಡಂತಿತ್ತು. ಎರಡನೆಯ ಹಾಳೆ ಪ್ರಿಂಟರಿನಿಂದ ಮೆಲ್ಲಗೆ ಹೊರಬಂತು. ಅದೇ ಸಮೀಕರಣ ಎದ್ದು ನಿಂತಿತ್ತು. ಸಿಗ್ಮಾದ ನೆತ್ತಿಯ ಮೇಲೆ ಒಂದು, ಪಾದದ ಬಳಿ ಒಂದು ಅಂಕಿ. ಭಿನ್ನರಾಶಿಯ ಗೆರೆ ಬೇಕಾದಷ್ಟು ಅಗಲ. ಎರಡು ಕಡೆಯ ಆವರಣಗಳು ಅದರ ಎತ್ತರಕ್ಕೆ ತಾವೇ ಬೆಳೆದುಕೊಂಡಿದ್ದವು. ಎಷ್ಟು ಬೆಳೆಯಬೇಕೆಂದು ನಾನು ಹೇಳಿರಲಿಲ್ಲ. ಮೇಲೆ ಕೆಳಗೆ ಬಿಳಿ ಜಾಗ.

ಮೇಷ್ಟ್ರು ಹಾಳೆಯನ್ನು ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹೋದರು. ಕನ್ನಡಕ ತೆಗೆದರು. ಹಾಳೆಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ನಮ್ಮ ಓನರ್ ಗಾಬರಿಯಾಗಿ ನೀರು ತಂದುಕೊಟ್ಟರು. ನೀರು ಕುಡಿದ ಮೇಲೆ ಮೇಷ್ಟ್ರ ಮುಖದಲ್ಲಿ ಹಳೆಯ ತುಂಟತನ ಬಂತು.

"ಅಂದ್ರೆ ಒಂದು ಡಾಲರ್‌ಗೆ ಸ್ಟ್ಯಾಂಡಿಂಗು, ಎರಡು ಡಾಲರ್‌ಗೆ ಸೀಟು. ನಮ್ಮ ಬಿಟಿಎಸ್ ಬಸ್ಸಿಗಿಂತ ವಾಸಿ ಕಣಮ್ಮ ಇದು."

ಕೆಲಸ ಶುರುವಾಯಿತು. ಆ ಸಾಫ್ಟ್‌ವೇರಿಗೆ ಕನ್ನಡ ಬರುತ್ತಿರಲಿಲ್ಲ. ಹಾಗಾಗಿ ಕನ್ನಡದ ಭಾಗವನ್ನು ಅದೇ ಚಾಮರಾಜಪೇಟೆಯ ಪ್ರೆಸ್ಸಿನವರು ಮೊಳೆ ಜೋಡಿಸಿ, ಸಮೀಕರಣಗಳಿಗೆ ಜಾಗ ಬಿಟ್ಟು, ನಯವಾದ ಕಾಗದದ ಮೇಲೆ ಅಚ್ಚೊತ್ತಿ ಕಳಿಸುತ್ತಿದ್ದರು. ನಾನು ಸಮೀಕರಣಗಳನ್ನು ಬೇರೆಯಾಗಿ ಪ್ರಿಂಟ್ ತೆಗೆದು, ಬ್ಲೇಡಿನಲ್ಲಿ ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ರಬ್ಬರ್ ಸೊಲ್ಯೂಷನ್ ಹಚ್ಚಿ ಆ ಜಾಗಗಳಲ್ಲಿ ಅಂಟಿಸುತ್ತಿದ್ದೆ. ಹೀಗೆ ತುಂಬಿದ ಪುಟದ ಫೋಟೋ ತೆಗೆದು ಆಫ್‌ಸೆಟ್‌ನಲ್ಲಿ ಮುದ್ರಿಸುವುದು ಎಂದು ಮಾತಾಗಿತ್ತು. ಸಮೀಕರಣದ ಸಂಖ್ಯೆಗಳು ಕನ್ನಡ ಅಂಕಿಯಲ್ಲೇ ಇರಬೇಕೆಂದು ಮೇಷ್ಟ್ರ ಹಟ. ಅವು ಪ್ರೆಸ್ಸಿನ ಪುಟದ ಅಂಚಿನಲ್ಲಿದ್ದವು. ನನ್ನ ಪಟ್ಟಿಗಳ ಮೇಲೆ ಯಾವ ಸಂಖ್ಯೆಯೂ ಇರಲಿಲ್ಲ. ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತೇನೆ ಎಂದರೆ, ಒತ್ತು ಬಿದ್ದು ಮುಂದೆ ಮೂಡುತ್ತದೆ, ಬೇಡ ಎಂದರು ಮೇಷ್ಟ್ರು. ಹಾಗಾಗಿ ಪಟ್ಟಿಗಳನ್ನು ದೊಡ್ಡ ಮೇಜಿನ ಮೇಲೆ ಕ್ರಮವಾಗಿ ಹರಡಿಟ್ಟುಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಬೆಂಗಳೂರಿನಲ್ಲಿ ಕರೆಂಟ್ ಹೋದರೆ ಎಲ್ಲರೂ ಒಂದು ಕೆಲಸ ಮಾಡುತ್ತಾರೆ: ಎದ್ದು ಹೋಗಿ ಇರುವ ಸ್ವಿಚ್ಚುಗಳನ್ನೆಲ್ಲ ಟಕಟಕ ಒತ್ತಿ ನೋಡುವುದು. ಮೇಷ್ಟ್ರೂ ಅದನ್ನೇ ಮಾಡಿದರು. ಪಟ್ಟಿಗಳಿಗೆ ಹೆದರಿ ನಾನು ಫ್ಯಾನು ಆರಿಸಿಟ್ಟಿದ್ದೆ. ಅವರು ಒತ್ತಿ, ಮತ್ತೆ ಒತ್ತಿ, ಮತ್ತೆ ಒತ್ತಿ, ಯಾವ ಕಡೆಗೆ ಬಿಟ್ಟರೋ ಅವರಿಗೂ ತಿಳಿಯದೆ ಬಂದು ಕೂತರು. ಕರೆಂಟ್ ಬಂದಾಗ ಫ್ಯಾನು ಪೂರ್ತಿ ವೇಗದಲ್ಲಿ ತಿರುಗಿತು. ನಾನು ಮೇಜಿನ ಮೇಲೆ ಮಲಗಿ ಎರಡೂ ಕೈಯಿಂದ ತಬ್ಬಿಕೊಂಡರೂ ಅರ್ಧ ಪುಸ್ತಕದ ಸಮೀಕರಣಗಳು ಹಾರಿದವು. ಬೀರುವಿನ ಮೇಲೆ, ಓನರ್ ತಲೆಯ ಮೇಲೆ, ಒಂದಂತೂ ಕಿಟಕಿಯಿಂದಾಚೆ ಬಟ್ಟೆ ಅಂಗಡಿಯ ಬೋರ್ಡಿನ ಮೇಲೆ. ನನಗೆ ಅಳು ಬಂತು.

"ಆಯ್ತಲ್ಲ ಸಾರ್, ಇನ್ನೊಂದು ತಿಂಗಳ ಕೆಲಸ" ಎಂದು ಓನರ್ ತಲೆ ಮೇಲೆ ಕೈ ಹೊತ್ತು ಕೂತರು.

"ಯಾರೂ ಓಡಾಡ್ಬೇಡಿ, ತುಳೀತೀರ" ಎಂದರು ಮೇಷ್ಟ್ರು. ತಮ್ಮ ತಪ್ಪೆಂದು ಗೊತ್ತಿದ್ದರಿಂದ ದನಿ ಸ್ವಲ್ಪ ಸಣ್ಣಗಿತ್ತು. ಪಂಚೆ ಎತ್ತಿಕಟ್ಟಿ ನೆಲದ ಮೇಲೆ ಕೂತರು. ಒಂದು ಪಟ್ಟಿ ಎತ್ತಿಕೊಂಡು ನೋಡಿದರು. "ಇವನು ಮೂರನೇ ಅಧ್ಯಾಯದೋನು. ಕೊನೆಗೆ ಬರ್ತಾನೆ." ಇನ್ನೊಂದು. "ಇವಳು ಇವನಿಗಿಂತ ಮುಂಚೆ. ಇವಳಿಲ್ದೆ ಇವನು ಹುಟ್ಟಲ್ಲ." ಹಸ್ತಪ್ರತಿ ಪಕ್ಕದಲ್ಲೇ ಇತ್ತು, ಅದನ್ನು ಮುಟ್ಟಲಿಲ್ಲ. ಕೂದಲೆಳೆಯಷ್ಟು ವ್ಯತ್ಯಾಸವಿದ್ದ ಸಮೀಕರಣಗಳನ್ನೂ ಬೀದಿಯ ಮಕ್ಕಳನ್ನು ಅವರವರ ಮನೆಗೆ ಕಳಿಸುವ ಅಜ್ಜಿಯ ಹಾಗೆ ಅವುಗಳ ಜಾಗಕ್ಕೆ ಕಳಿಸುತ್ತಿದ್ದರು. ನನ್ನ ಅಳು ಯಾವಾಗ ನಿಂತಿತೋ ತಿಳಿಯಲಿಲ್ಲ. ಒಬ್ಬ ಮನುಷ್ಯನ ತಲೆಯೊಳಗೆ ಇಡೀ ಗಣಿತ ಹೀಗೆ ಒಂದರ ಕೈ ಒಂದು ಹಿಡಿದು ನಿಂತಿರಲು ಸಾಧ್ಯವೇ ಎಂದು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಕತ್ತಲಾಗುವುದರೊಳಗೆ ಮೇಜು ಮೊದಲಿನಂತಾಯಿತು.

ಕೊನೆಯ ಅಧ್ಯಾಯಕ್ಕೆ ಬಂದಾಗ ಮಾತ್ರ ಅವರು ನಿಧಾನವಾದರು. ಅದು ಅನಂತ ಶ್ರೇಣಿಗಳ ಬಗ್ಗೆ. ಪರೀಕ್ಷೆಗೆ ಬರುವಂಥದ್ದಲ್ಲ, ತಮ್ಮ ಖುಷಿಗೆ ಬರೆದದ್ದು. ಅಚ್ಚುಬೆಲ್ಲವನ್ನು ಅರ್ಧ ಮುರಿದು, ಉಳಿದ ಅರ್ಧದಲ್ಲಿ ಅರ್ಧ ಮುರಿದು, ಹೀಗೆ ಎಂದೂ ಮುಗಿಯದ ಸಂಕಲನವೊಂದು ಒಂದೇ ಅಚ್ಚಿನಲ್ಲಿ ಮುಗಿದುಹೋಗುವ ಕಥೆಯಿಂದ ಶುರುವಾಗುತ್ತಿತ್ತು. ಅಲ್ಲಿಂದ ಎಲ್ಲೆಲ್ಲೋ ಕರೆದುಕೊಂಡು ಹೋಗಿ, ಕೊನೆಗೆ ಎಲ್ಲೂ ವೃತ್ತವೇ ಇಲ್ಲದ ಕಡೆ, ವೃತ್ತದ ಅಳತೆಗೆ ಬಳಸುವ ಪೈ ಎದುರಿಗೆ ಬಂದು ನಿಲ್ಲುತ್ತಿತ್ತು. ಅದನ್ನು ಟೈಪ್ ಮಾಡುತ್ತಾ ನಾನು ಒಮ್ಮೆ ಚಪ್ಪಾಳೆ ತಟ್ಟಿಬಿಟ್ಟಿದ್ದೆ. ಮೇಷ್ಟ್ರು ನಾಚಿಕೊಂಡು ಕಾಫಿ ತರಲು ಹೋದರು.

ಎಲ್ಲ ಪುಟ ಅಂಟಿಸಿ ಮುಗಿಯುವ ಹೊತ್ತಿಗೆ, ಪುಸ್ತಕ ಹೊರತರಲು ಒಪ್ಪಿದ್ದ ಪ್ರಕಾಶಕರು ಬಂದರು. ಪುಟಗಳನ್ನು ತಿರುವಿ, ಬಿಳಿ ಜಾಗಗಳನ್ನು ನೋಡಿ ಅವರ ಮುಖ ಸಪ್ಪಗಾಯಿತು.

"ಸಾರ್, ಇಷ್ಟು ದಪ್ಪ ಆಗಿ ಬೆಲೆ ಏರಿದ್ರೆ ಯಾವ ಹುಡುಗಿ ಕೊಂಡ್ಕೊಳ್ತಾಳೆ ಹೇಳಿ? ನೀವು ಯಾರಿಗೋಸ್ಕರ ಬರ್ದಿದ್ದೀರೋ ಅವ್ರ ಕೈಗೇ ಎಟುಕಲ್ಲ. ಎಲ್ಲಾನೂ ಸಾಲಿನೊಳಗೆ ಸೇರಿಸ್ಬಿಡಿ, ಪುಟ ಉಳಿಯುತ್ತೆ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಈ ಸಲವೂ ಮೇಷ್ಟ್ರು ಚೀಲ ಎತ್ತಿಕೊಂಡು ಮನೆಗೆ ನಡೆದುಬಿಡುತ್ತಾರೆ ಎಂದು ಹೆದರಿದೆ. ಮಾರನೆಯ ದಿನ ಅವರು ಬಂದು, ಪುಟಗಳ ಕಟ್ಟು ಬಿಚ್ಚಿ, ಕೊನೆಯ ಅಧ್ಯಾಯವನ್ನು ಪೂರ್ತಿಯಾಗಿ ತೆಗೆದು ಪಕ್ಕಕ್ಕಿಟ್ಟರು.

"ಈಗ ಪುಟ ಸರಿಹೋಗುತ್ತೆ. ಉಳಿದಿದ್ದೆಲ್ಲ ನಿಂತಿರೋ ಹಾಗೇ ನಿಂತಿರ್ಲಿ."

"ಸಾರ್, ಅದೇ ಅಲ್ವಾ ಸಾರ್ ಎಲ್ಲಕ್ಕಿಂತ ಚೆನ್ನಾಗಿರೋದು?"

"ಪರೀಕ್ಷೆಗೆ ಬರ್ದೇ ಇರೋದೂ ಅದೊಂದೇ ಕಣಮ್ಮ. ಮುಂದಿನ ಮುದ್ರಣಕ್ಕೆ ಸೇರಿಸೋಣ ಬಿಡು." ಆ ಪುಟಗಳನ್ನು ಚೀಲಕ್ಕೆ ಹಾಕಿಕೊಳ್ಳುವಾಗ ಒಂದು ಪಟ್ಟಿಯ ಮೂಲೆ ಎದ್ದಿತ್ತು. ಹೆಬ್ಬೆರಳಿನಿಂದ ಒತ್ತಿ ಕೂರಿಸಿದರು.

ಪುಸ್ತಕ ಬಂತು. ಒಂದು ದಿನ ಬನಶಂಕರಿಯ ಬಸ್ಸಿನಲ್ಲಿ ಒಬ್ಬಳು ಹುಡುಗಿ ನಿಂತುಕೊಂಡೇ ಅದನ್ನು ತೆರೆದು ಒಂದೇ ಪುಟವನ್ನು ನೋಡುತ್ತಾ ಇದ್ದಳು. ತುಟಿ ಅಲುಗುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದಳು. ಅವಳನ್ನು ಮಾತಾಡಿಸಬೇಕೆನ್ನಿಸಿದರೂ ನೋಡುವುದನ್ನು ತಪ್ಪಿಸಲು ಮನಸ್ಸಾಗಲಿಲ್ಲ. ಮೇಷ್ಟ್ರಿಗೆ ಹೋಗಿ ಹೇಳಿದೆ. ಯಾವ ಪುಟ ಎಂದು ಕೇಳಿದರು.

ಮುಂದಿನ ಮುದ್ರಣ ಆಗಲಿಲ್ಲ. ಪಠ್ಯ ಬದಲಾಯಿತು, ಪ್ರಕಾಶಕರು ಅಂಗಡಿ ಮುಚ್ಚಿದರು. ನಮ್ಮ ಸೆಂಟರಿನಲ್ಲಿ ಫ್ಲಾಪಿಗಳಿಗೆ ಯಾವಾಗಲೂ ಬರ, ಒಂದು ಕೆಲಸ ಮುಗಿದರೆ ಅಳಿಸಿ ಇನ್ನೊಂದಕ್ಕೆ ಬಳಸುವುದೇ ಪದ್ಧತಿ. ಆ ಅಧ್ಯಾಯದ ಫ್ಲಾಪಿಯೂ ಹಾಗೇ ಹೋಯಿತು. ಕೆಲವು ವರ್ಷಗಳ ನಂತರ ಮೇಷ್ಟ್ರು ಒಂದು ಬೆಳಿಗ್ಗೆ ಹಾಲು ತರಲು ಹೋದವರು ದಾರಿಯಲ್ಲೇ ಕುಸಿದರು, ಮತ್ತೆ ಏಳಲಿಲ್ಲ. ನನಗೆ ಸುದ್ದಿ ತಲುಪಿದ್ದು ತಡವಾಗಿ. ನಾನು ಹೋಗುವ ಹೊತ್ತಿಗೆ ಅವರ ಮನೆಯವರು ಬಾಡಿಗೆ ಮನೆ ಖಾಲಿ ಮಾಡುತ್ತಿದ್ದರು, ಹಳೆಯ ಕಾಗದವೆಲ್ಲ ರದ್ದಿಗೆ ಹೋಗಿತ್ತು. "ಅದ್ರಲ್ಲಿ ನಿಂಗೇನಾದ್ರೂ ಬೇಕಾಗಿತ್ತೇನಮ್ಮ?" ಎಂದು ಅವರ ಹೆಂಡತಿ ಕೇಳಿದರು. ಇಲ್ಲ ಅಮ್ಮ ಎಂದೆ.

ಪಂಚರ್ ಹಾಕಿಸಿಕೊಂಡು ಮನೆಗೆ ಬಂದವಳು ಅವತ್ತೇ ಲ್ಯಾಪ್‌ಟಾಪ್ ತೆರೆದು ಕೂತೆ. ಆ ಅಧ್ಯಾಯವನ್ನು ನೆನಪಿನಿಂದಲೇ ಬರೆದುಬಿಡೋಣ ಎಂದು ಹುಚ್ಚು ಧೈರ್ಯ. ಈಗ ಕನ್ನಡವೂ ಸಮೀಕರಣವೂ ಒಂದೇ ಪುಟದಲ್ಲಿ, ಕತ್ತರಿಸದೆ ಅಂಟಿಸದೆ ಬರುತ್ತವೆ. ಬೆಲ್ಲದ ಅಚ್ಚು ಬಂತು. ಮೊದಲ ಸಮೀಕರಣ ಬಂತು, ಎರಡನೆಯದು ಬಂತು. ಅಲ್ಲಿಂದ ಮುಂದೆ ಮೇಷ್ಟ್ರು ಎಲ್ಲಿಗೆ ತಿರುಗಿದರು ಎನ್ನುವುದು ಎಷ್ಟು ತಿಣುಕಿದರೂ ಹೊಳೆಯಲಿಲ್ಲ. ಅವರು ತಲುಪಿದ ಉತ್ತರ ಯಾವ ಪುಸ್ತಕದಲ್ಲಾದರೂ ಸಿಗುತ್ತದೆ, ಆದರೆ ಬೆಲ್ಲದಿಂದ ಅಲ್ಲಿಗೆ ಅವರು ನಡೆದುಕೊಂಡು ಹೋದ ದಾರಿ ಎಲ್ಲೂ ಇಲ್ಲ. ನಾಲ್ಕು ದಿನದಿಂದ ಅದೇ ಪುಟದ ಮುಂದೆ ಕೂತಿದ್ದೇನೆ. ಆ ಅಧ್ಯಾಯವನ್ನು ಪೂರ್ತಿ ಓದಿ ಅರ್ಥ ಮಾಡಿಕೊಂಡವರು ಈ ಲೋಕದಲ್ಲಿ ನಾವಿಬ್ಬರೇ ಇದ್ದೆವು. ಈಗ ಉಳಿದಿರುವವಳು ನಾನೊಬ್ಬಳು, ಅದೂ ಮರೆತವಳು.