ಪುರಾಣಕ್ಕೆ ಅತ್ತಳೆಂದು ಹೊದಿಸಿದ ಶಾಲು

ಮೊಮ್ಮಕ್ಕಳೇ, ನಿಮ್ಮೆಲ್ಲರಲ್ಲಿ ಹಿರಿಯವಳ ಬಗ್ಗೆ ನಮ್ಮ ಮನೆಯಲ್ಲಿ ಒಂದು ಹೊಗಳಿಕೆ ಓಡಾಡುತ್ತಿದೆ. ಹೋದ ಶ್ರಾವಣದಲ್ಲಿ ಮಸ್ಕಿಯ ಮಠದಲ್ಲಿ ಅಷ್ಟು ಮಂದಿಯ ಮುಂದೆ ಎದ್ದು ನಿಂತು ಪುರಾಣದ ಪ್ರಸಂಗ ಹೇಳಿದಳು, ಎಂಥ ಸಂಸ್ಕಾರ ಎಂದು. ಆ ಮಾತು ಬಂದಾಗಲೆಲ್ಲ ಅವಳು ಎದ್ದು ಒಳಗೆ ಹೋಗುತ್ತಾಳೆ. ಕಾರಣ ನನಗೆ ಗೊತ್ತು. ಬಾಯಿಬಿಟ್ಟು ಹೇಳುವುದು ನನ್ನಿಂದಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸಂತೆಕಲ್ಲೂರಿನ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು ನಾನು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ಶ್ರಾವಣದಲ್ಲಿ ಮನೆಯಲ್ಲಿ ಸಿನಿಮಾ ಹಾಡು ಹಚ್ಚಬಾರದು ಎಂಬ ಕಟ್ಟಳೆ ನನ್ನದೇ. ಅವಳು ಲಿಂಗಸುಗೂರಿನ ಕಾಲೇಜಿನಿಂದ ಶನಿವಾರ ಮಧ್ಯಾಹ್ನ ಬಂದವಳೇ ಕಿವಿಗೆ ವೈರು ಸಿಕ್ಕಿಸಿಕೊಂಡು ಇಂಗ್ಲಿಷಿನಲ್ಲಿ ಗುನುಗತೊಡಗಿದಳು. ನಾನು ತೊಗರಿಬೇಳೆ ಆರಿಸುತ್ತಿದ್ದೆ. ಶ್ರಾವಣದಾಗ ಏನಿದು ಒದರಾಟ ಎಂದು ಬೈದೆ. ಅವಳು ಸಿಟ್ಟಾಗಲಿಲ್ಲ. ಮೊರದ ಆಚೆ ಕುಳಿತು, "ಒಂದ ಹಾಡು ಕೇಳು ಆಯಿ. ಆಮ್ಯಾಲೆ ಬೈ," ಎಂದಳು. ವೈರಿನ ಒಂದು ತುದಿ ಅವಳ ಕಿವಿಯಲ್ಲಿ, ಇನ್ನೊಂದು ನನ್ನ ಕಿವಿಯಲ್ಲಿ.

ಹಾಡುವಾಕೆ ಅಮೆರಿಕದ ಹೆಣ್ಣುಮಗಳಂತೆ. ನಮ್ಮ ಜನಪದ ಇದ್ದಂತೆ ಅವರ ಹಳ್ಳಿ ಕಡೆಯ ಹಾಡು, ಈಗಿನ ಹುಡುಗರಿಗೆಂದು ಸ್ವಲ್ಪ ಕುಣಿತ ಕೂಡಿಸಿದ್ದಾರೆ ಎಂದು ಮೊಮ್ಮಗಳು ಹೇಳಿದಳು. ಒಂದೇ ಆಲ್ಬಮ್‌ನಲ್ಲಿ ಹನ್ನೆರಡು ಹಾಡು. ಮೊದಲಿನದು ನನಗೆ ತಗಡು ಬಡಿದಂತೆ ಕೇಳಿಸಿತು. ಎರಡನೆಯದರಲ್ಲಿ ತಂತಿವಾದ್ಯವೊಂದು ಏಕತಾರಿಯ ಹಾಗೆ ಟಿಂವ್ ಟಿಂವ್ ಎನ್ನುತ್ತಿತ್ತು, ಹಿಂದಿನಿಂದ ಪಿಟೀಲು ಎಳೆಯುತ್ತಿತ್ತು. ಸುಳ್ಳುಗಾರ ಗಂಡಿನ ಮರ್ಯಾದೆ ತೆಗೆಯುವ ಹಾಡು ಅದು, ಅರ್ಥ ಹೇಳುತ್ತಾ ಅವಳು ನಕ್ಕಳು, ನಾನೂ ನಕ್ಕೆ. ಬೇಳೆ ಹಾಗೇ ಉಳಿಯಿತು.

ಆರನೆಯದೋ ಏಳನೆಯದೋ ಹಾಡು ನಿಧಾನದ್ದು. ಒಬ್ಬ ಹೆಂಗಸು ತನ್ನ ಗಂಡನ ಹಳೆಯ ಗಾಡಿಯಲ್ಲಿ ಅವನ ಪಕ್ಕಕ್ಕೆ ಕೂತು, ಕಿಟಕಿಯಿಂದ ಕೈ ಹೊರಗೆ ಚಾಚಿ, ಧೂಳಿನ ದಾರಿಯಲ್ಲಿ ಹೊಲಕ್ಕೆ ಹೋಗುತ್ತಾಳೆ. ಊರೆಲ್ಲ ನೋಡುತ್ತದೆ, ನೋಡಲಿ ಎನ್ನುತ್ತಾಳೆ. ಅಷ್ಟೇ ಅದರಲ್ಲಿರುವುದು.

ಸಿಂಧನೂರಿನ ಕಡೆ ಕಾಲುವೆ ನೀರಿನ ಹೊಲ ಮಾಡಿದಾಗ ನಿಮ್ಮ ಮುತ್ಯಾ, ನನ್ನ ಯಜಮಾನರು, ಹಳೆಯ ಟ್ರ್ಯಾಕ್ಟರ್ ಒಂದನ್ನು ತಂದಿದ್ದರು. ನಾನು ಬುತ್ತಿ ಕಟ್ಟಿಕೊಂಡು ಹೊರಟರೆ, "ಬಾ, ಬಾಜೂಕ ಕುಂದ್ರು," ಎನ್ನುತ್ತಿದ್ದರು. ಮಂದಿ ನೋಡುತ್ತಾರೆಂದು ನಾನು ಒಮ್ಮೆಯೂ ಕೂರಲಿಲ್ಲ. ಊರ ಹೊರಗಿನ ತನಕ ನಡೆದು ಹೋಗಿ, ಅಲ್ಲಿ ಹಿಂದಿನ ಟ್ರೇಲಿಯಲ್ಲಿ ಗೊಬ್ಬರದ ಚೀಲಗಳ ಮೇಲೆ ಕೂರುತ್ತಿದ್ದೆ. ಕೆಲವು ವರ್ಷವಾದ ಮೇಲೆ ಅವರು ಕರೆಯುವುದನ್ನೇ ಬಿಟ್ಟರು.

ಆ ಹಾಡನ್ನು ಮತ್ತೆ ಹಚ್ಚು ಎಂದೆ. ಮೂರು ಸಲ ಹಚ್ಚಿಸಿದೆ. ಮೂರನೆಯ ಸಲಕ್ಕೆ ಕಣ್ಣು ತುಂಬಿ ಹರಿಯುತ್ತಿರುವಾಗಲೇ ನನ್ನ ಹಿರಿಯ ನೆಗೆಣ್ಣಿ, ನಿಮ್ಮ ದೊಡ್ಡಾಯಿ, ಪುರಾಣಕ್ಕೆ ಕರೆಯಲು ಒಳಗೆ ಬಂದರು. ನನ್ನ ಮುಖ ನೋಡಿ ಗಾಬರಿಯಾಗಿ, ಯಾರಿಗೆ ಏನಾಯಿತು ಎಂದು ಕೇಳಿದರು.

"ಏನಿಲ್ಲ ಅಕ್ಕಾರ," ಎಂದೆ. "ನಿನ್ನಿ ಪುರಾಣ ಮತ್ತೊಮ್ಮಿ ಕೇಳಾಕತ್ತಿದ್ದೆ."

ಮಠದ ಪುರಾಣ ದಿನದಿನವೂ ಫೋನಿನಲ್ಲಿ ಬರುತ್ತಿತ್ತು, ಹಾಗಾಗಿ ಅವರು ನಂಬಿದರು. ಫೋನಿಗೇ ಕೈಮುಗಿದರು. ನನ್ನ ಕಿವಿಯಲ್ಲಿ ಆ ಅಮೆರಿಕದವಳು ಇನ್ನೂ ಹಾಡುತ್ತಲೇ ಇದ್ದಳು. ಮೊಮ್ಮಗಳು ನನ್ನನ್ನು ನೋಡಿ, ವೈರು ಸುತ್ತಿಟ್ಟಳು.

ಅಲ್ಲಿಗೇ ಮುಗಿದಿದ್ದರೆ ನಾನು ಮರೆತುಬಿಡುತ್ತಿದ್ದೆನೇನೋ. ನಮ್ಮ ಮಠದಲ್ಲಿ ಪುರಾಣದ ತಿಂಗಳು ದಿನಾ ಒಬ್ಬರಿಬ್ಬರಿಗೆ ಶಾಲು ಹೊದಿಸುತ್ತಾರೆ. ಹೆಚ್ಚಾಗಿ ಅಂದಿನ ದಾಸೋಹ ಮಾಡಿಸಿದವರಿಗೆ. ಅಂದು ಸಂಜೆ ಅಕ್ಕ ಹೋದವರೇ ಅಲ್ಲಿನ ಹಿರಿಯರ ಕಿವಿಯಲ್ಲಿ ನನ್ನ ಸಂಗತಿ ಹೇಳಿಬಿಟ್ಟಿದ್ದರು. ಮಂಗಳಾರತಿಗೆ ಮೊದಲು ಮೈಕಿನಲ್ಲಿ ನನ್ನ ಹೆಸರು ಕೂಗಿದರು. ಈ ವಯಸ್ಸಿನಲ್ಲೂ ಕೇಳಿದ ಪುರಾಣವನ್ನೇ ಮತ್ತೆ ಕೇಳಿ ಕಣ್ಣೀರಿಟ್ಟ ತಾಯಿ ಎಂದರು. ಹೆಂಗಸರು ನನ್ನನ್ನು ಹಿಂದಿನಿಂದ ತಳ್ಳಿ ಎಬ್ಬಿಸಿದರು. ಜನ ಕೂತ ಕಡೆ ಒಂದು ಮಾತು ಜೋರಾಗಿ ಆಡಿದವಳಲ್ಲ ನಾನು. ಶಾಲು ಹೆಗಲಿಗೆ ಬಿತ್ತು. ಸ್ವಾಮಿಗಳು ಬಹಳ ಅಂತಃಕರಣದಿಂದ, "ಯಾವ ಪ್ರಸಂಗಕ್ಕ ಕಣ್ಣೀರು ಬಂತವ್ವ? ಮಂದಿಗೂ ಹೇಳು," ಎಂದು ಮೈಕನ್ನು ನನ್ನ ಕಡೆ ತಿರುಗಿಸಿದರು.

ಹಿಂದಿನ ದಿನ ನಾನು ಕಂಬಕ್ಕೆ ಒರಗಿ ತೂಕಡಿಸಿದ್ದೆ. ಒಂದು ಪದವೂ ನೆನಪಿರಲಿಲ್ಲ. ನಿಜ ಹೇಳಬಹುದಿತ್ತು. ನಿಂತೇ ಇದ್ದೆ. ಮೈಕು ನನ್ನ ಉಸಿರನ್ನಷ್ಟೇ ಎಲ್ಲರಿಗೂ ಕೇಳಿಸುತ್ತಿತ್ತು.

ಆಗ ಹೆಂಗಸರ ನಡುವಿನಿಂದ ಮೊಮ್ಮಗಳು ಎದ್ದು ಸ್ವಾಮಿಗಳ ಕಡೆ ತಿರುಗಿದಳು. "ಅಜ್ಜಾರ, ಶರಣಮ್ಮ ತಾ ಹಸದಿದ್ರೂ ತನ್ನ ಪಾಲಿನ ರೊಟ್ಟಿ ಬಂದವ್ರಿಗೆ ಕೊಟ್ಲಲ್ರಿ, ಅದಕ್ಕ ಅತ್ಲು ನಮ್ಮಾಯಿ," ಎಂದಳು. ಅಂದೇ ಲಿಂಗಸುಗೂರಿನಿಂದ ಬಂದಿದ್ದವಳು, ಹಿಂದಿನ ದಿನದ ಪುರಾಣ ಅವಳಿಗೇನು ಗೊತ್ತು? ಯಾವ ಪುರಾಣದಲ್ಲಾದರೂ ಇರುವ ಮಾತೊಂದನ್ನು ಊಹಿಸಿ ಹೇಳಿದ್ದಳು. ಅದು ಹೇಗೋ ಹೊಂದಿಬಿಟ್ಟಿತು, ಮಂದಿ ಚಪ್ಪಾಳೆ ತಟ್ಟಿದರು. ಸುಳ್ಳು ಹೇಳಿದರೆ ನಾಲಗೆ ಸುಡುತ್ತೇನೆಂದು ಚಿಕ್ಕಂದಿನಲ್ಲಿ ಅವಳನ್ನು ಹೆದರಿಸಿದವಳು ನಾನು. ಈಗ ದೇವರ ಎದುರಿಗೇ ಅವಳಿಂದ ಸುಳ್ಳಾಡಿಸಿದೆ.

ಮನೆಗೆ ಬರುವಾಗ, ಅಕ್ಕ ಮುಂದೆ ನಡೆದಿದ್ದಾಗ, ಯಾಕೆ ಹಾಗೆ ಹೇಳಿದೆ ಎಂದು ಅವಳನ್ನು ಕೇಳಿದೆ.

"ನೀ ಹಂಗ ನಿಂತಿದ್ದು ನೋಡಾಕ ಆಗ್ಲಿಲ್ಲ ಆಯಿ."

ಮಾರನೆಯ ಬೆಳಿಗ್ಗೆ ಅವಳನ್ನು ಸಮಾಧಾನ ಮಾಡಲೆಂದು ಉಳಿದ ಹಾಡು ಹಚ್ಚು ಎಂದೆ. "ಬ್ಯಾಡ ಬಿಡು," ಎಂದಳು, "ಯಾರರ ಬಂದ್ರ ಮತ್ತ ನಾ ಪುರಾಣ ಹೇಳಬೇಕಾಗ್ತೈತಿ." ತಮಾಷೆಯ ಮಾತು, ಆದರೆ ಅವಳು ನಗಲಿಲ್ಲ.

ಅವಳು ಬಸ್ಸಿಗೆ ಹೊರಡುವ ಮೊದಲು ಅಕ್ಕನನ್ನು ಕರೆದು ಅವಳ ಎದುರಿಗೇ ಎಲ್ಲ ಹೇಳಿದೆ. ಅಕ್ಕ, "ಇಂಗ್ಲೀಷ್ ಹಾಡಿಗೆ ಅಳೂದೇನಿತ್ತು?" ಎಂದರು. ಟ್ರ್ಯಾಕ್ಟರಿನ ಸಂಗತಿ ಹೇಳಲೇಬೇಕಾಯಿತು. ಸುಳ್ಳು ಒಪ್ಪಿಕೊಳ್ಳುವುದಕ್ಕಿಂತ ಅದೇ ಕಷ್ಟವಾಯಿತು, ನೆಲ ನೋಡಿಕೊಂಡು ಹೇಳಿದೆ. ಮೊಮ್ಮಗಳು ಬ್ಯಾಗು ಕೆಳಗಿಟ್ಟು ಕೇಳಿದಳು.

ಅಕ್ಕ ಬೈಯಲಿಲ್ಲ. "ನಮ್ಮ ಮೂವರಾಗ ಇರ್ಲಿ ತಂಗಿ," ಎಂದರು, "ಮಠದಾಗ ಗೊತ್ತಾದ್ರ ಮನಿತನಾನ ನಗಿಪಾಟ್ಲ ಆಗ್ತೈತಿ." ಅದನ್ನು ಕೇಳಿ ನನಗೆ ಒಳಗೊಳಗೇ ಹಗುರವಾಯಿತು. ಹಾಗೆ ಹಗುರವಾದದ್ದನ್ನು ಮೊಮ್ಮಗಳು ನನ್ನ ಮುಖದಲ್ಲಿ ನೋಡಿದಳು. ಬ್ಯಾಗು ಎತ್ತಿಕೊಂಡು, ಹೋಗಿಬರ್ತೀನಿ ಎಂದು ಹೊರಟಳು. ನಾನು ನಾಚಿಕೊಳ್ಳಬೇಕಾದದ್ದು ಹಾಡು ಕೇಳಿದ್ದಕ್ಕಲ್ಲ ಎಂಬುದು ನನಗೆ ತಿಳಿದದ್ದು ಆಗ.

ಅವಳನ್ನು ಹೊಗಳುವುದನ್ನು ನೀವೆಲ್ಲ ಇನ್ನು ನಿಲ್ಲಿಸಿ. ಅವಳು ನನಗಾಗಿ ಹೇಳಿದ ಸುಳ್ಳು ಅದು. ಸ್ವಾಮಿಗಳಿಗೂ ಹೇಳಬೇಕು ಎಂದುಕೊಂಡಿದ್ದೇನೆ, ಹೇಳಿಯೇ ತೀರುತ್ತೇನೆ ಎಂದು ಮಾತು ಕೊಡುವ ಧೈರ್ಯ ಇನ್ನೂ ಬಂದಿಲ್ಲ. ದೀಪಾವಳಿಗೆ ಎಲ್ಲರೂ ಸೇರಿದಾಗ ಇದನ್ನು ನಿಮ್ಮಲ್ಲಿ ಯಾರಾದರೂ ಗಟ್ಟಿಯಾಗಿ ಓದಿ, ಅವಳಿಂದ ಮಾತ್ರ ಓದಿಸಬೇಡಿ. ದೊಡ್ಡಾಯಿಯನ್ನೂ ಕರೆಯಿರಿ. ಒಲೆಯ ಕೆಲಸವಿದೆ ಎಂದು ನಾನು ಎದ್ದು ಹೋಗಲು ನೋಡಿದರೆ ಬಿಡಬೇಡಿ.