ಉಕ್ಕಿನ ಮೇಲೆ ಎರಡು ನಿಂಬೆ ಹೋಳು

2024ರ ಆಯುಧಪೂಜೆ ಶುಕ್ರವಾರ ಬಂದಿತ್ತು. ಡಲ್ಲಾಸ್ ಪಕ್ಕದ ಕ್ಯಾರಲ್ಟನ್‌ನಲ್ಲಿ ನಾನೂ ನನ್ನ ಪತಿ ಪ್ರಕಾಶರೂ ಸೇರಿ ಒಂದು ಫ್ಯಾಬ್ರಿಕೇಶನ್ ಶಾಪ್ ನಡೆಸುತ್ತೇವೆ. ಮೆಟ್ಟಿಲು, ರೇಲಿಂಗ್, ಗೇಟು, ಹೋಟೆಲಿನ ಅಡುಗೆಮನೆಗೆ ಬೇಕಾದ ಸ್ಟೀಲ್ ಟೇಬಲ್ಲು, ಹೀಗೆ ಏನು ಹೇಳಿದರೂ ಮಾಡಿ ಕೊಡುತ್ತೇವೆ. ಗಿರಾಕಿಗಳ ಜೊತೆ ಮಾತು ಪ್ರಕಾಶರದು, ಶಾಪಿನ ಒಳಗಿನ ಕೆಲಸ ನನ್ನದು. ನಾನು ಬೆಳಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವಳು. ಕಬ್ಬಿಣ, ಉಕ್ಕಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಜಂಬ ಆಗಲೂ ಇತ್ತು, ಈಗಲೂ ಇದೆ. ಆದ್ದರಿಂದಲೇ ಈ ಘಟನೆಯನ್ನು ಬಾಯಿಬಿಟ್ಟು ಹೇಳಲು ನನಗೆ ಇಷ್ಟು ದಿನ ಬೇಕಾಯಿತು.

ಆ ಬೇಸಿಗೆಯಲ್ಲಿ ಒಕಿಮೊರಿ ಎಂಬ ಜಪಾನಿ ಶಿಲ್ಪಿ ನಮ್ಮ ಶಾಪಿಗೆ ಬಂದರು. ಎಪ್ಪತ್ತು ದಾಟಿದ ತೆಳ್ಳನೆಯ ಮನುಷ್ಯ. ಡಲ್ಲಾಸ್, ಹೂಸ್ಟನ್, ಆಸ್ಟಿನ್ ಮೂರೂ ಕಡೆ ಅವರ ಒಂದೊಂದು ಶಿಲ್ಪ ನಿಲ್ಲಿಸುವುದಿತ್ತು. ಮೊದಲನೆಯದು ಸಣ್ಣದು, ಕ್ರೇನಿನಲ್ಲಿ ಬಳಸುವ ದಪ್ಪ ಉಕ್ಕಿನ ಹಗ್ಗದ್ದು. ಅದನ್ನು ನಾವು ಚೆನ್ನಾಗಿ ಮಾಡಿಕೊಟ್ಟೆವು. ಆಮೇಲೆ ಹೂಸ್ಟನ್ನಿನದನ್ನೂ ನಮಗೇ ಕೊಟ್ಟರು. ಅದು ಸರಿಹೋದರೆ ಎಲ್ಲಕ್ಕಿಂತ ದೊಡ್ಡದಾದ ಆಸ್ಟಿನ್ ಕೆಲಸದ ಬಗ್ಗೆ ಮಾತಾಡೋಣ ಎಂದರು.

ಹದಿನಾಲ್ಕು ವರ್ಷದ ನನ್ನ ಮಗಳು ಮೇಖಲಾ ರಾತ್ರಿ ಊಟದ ಹೊತ್ತಿಗೆ ಫೋನಿನಲ್ಲಿ ಅವರ ಚರಿತ್ರೆಯನ್ನೆಲ್ಲ ಜಾಲಾಡಿದ್ದಳು. “ಅಮ್ಮಾ, ಹೀ ಈಸ್ ರಿಯಲಿ ಫೇಮಸ್! ಯೂರೋಪ್‌ನಲ್ಲೆಲ್ಲಾ ಮ್ಯೂಸಿಯಮ್ಸ್‌ನಲ್ಲಿ ಇದೆ ಹಿಸ್ ವರ್ಕ್,” ಎಂದಳು. ಫೋಟೊಗಳಲ್ಲಿ ಕಂಡದ್ದು ಕಟ್ಟಡ ಕಟ್ಟುವಾಗ ಸಾರುವೆ ಹಾಕುವ ಪೈಪು, ಕಾರ್ಖಾನೆಯ ರಬ್ಬರ್ ಬೆಲ್ಟು, ಉಕ್ಕಿನ ಪ್ಲೇಟು. ಪ್ರಕಾಶ್ ಇಣುಕಿ ನೋಡಿ, “ಇದ ಶಿಲ್ಪ ಆದ್ರ ನಮ್ಮ ಶಾಪಿನ ಹಿಂದ ಒಂದು ಮ್ಯೂಸಿಯಂ ಬಿದ್ದೈತಿ ತಗೋ,” ಎಂದು ನಕ್ಕರು.

ಹೂಸ್ಟನ್ನಿನ ಶಿಲ್ಪಕ್ಕೆ ಐದು ಪ್ಲೇಟುಗಳು. ಎರಡಾಳೆತ್ತರದವು, ಸಾಲಾಗಿ ನಿಲ್ಲುವಂಥವು, ನಡುವೆ ಜನ ಓಡಾಡುವಂತೆ. ಅವುಗಳ ಮೇಲೆ ಕೆತ್ತನೆಯಿಲ್ಲ, ಬಣ್ಣವಿಲ್ಲ. ಮಿಲ್ಲಿನಿಂದ ಬಿಸಿಬಿಸಿಯಾಗಿ ಹೊರಬರುವ ಉಕ್ಕಿನ ಮೇಲೆ ನೀಲಿಗಪ್ಪಾದ ಒಂದು ತೆಳುವಾದ ಪದರ ಇರುತ್ತದೆ. ನಮ್ಮಂಥವರು ಅದನ್ನು ಮೊದಲು ಉಜ್ಜಿ ತೆಗೆಯುತ್ತೇವೆ. ಅವರಿಗೆ ಬೇಕಾದದ್ದು ಅದೇ ಪದರ. ಸೀಮೆಸುಣ್ಣದ ಗೆರೆ ಬೀಳಬಾರದು, ಎಣ್ಣೆ ತಾಗಬಾರದು, ಬರಿಗೈಯಲ್ಲಿ ಮುಟ್ಟಬಾರದು ಎಂದು ಬರೆದು ಕೊಟ್ಟಿದ್ದರು. ನಾನೇ ಅದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದೆ.

ಆಯುಧಪೂಜೆಯ ದಿನ ನಮ್ಮ ಶಾಪಿನಲ್ಲಿ ಕೆಲಸವಿಲ್ಲ. ಬೆಳಿಗ್ಗೆ ಎಲ್ಲವನ್ನೂ ತೊಳೆದು ಒರೆಸಿ, ವೆಲ್ಡಿಂಗ್ ಮಷಿನ್ನಿಗೆ, ಕಟರ್‌ಗೆ, ಡ್ರಿಲ್ಲಿಗೆ, ಫೋರ್ಕ್‌ಲಿಫ್ಟಿಗೆ ವಿಭೂತಿ, ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿ, ನಿಂಬೆಹಣ್ಣು ಕೊಯ್ದು ಕುಂಕುಮ ಹಚ್ಚಿ ಇಡುತ್ತೇನೆ. ಆ ದಿನ ಆರತಿ ಎತ್ತುವಾಗ ನಡುನಡುವೆ ಮರದ ತೊಲೆ ಕೊಟ್ಟು ಒಂದರ ಮೇಲೊಂದು ಮಲಗಿಸಿದ್ದ ಆ ಐದು ಪ್ಲೇಟುಗಳು ಕಣ್ಣಿಗೆ ಬಿದ್ದವು. ಎಲ್ಲರಿಗೂ ಬಡಿಸಿ ಮನೆಗೆ ಬಂದ ನೆಂಟರನ್ನೇ ಬಿಟ್ಟಂತಾಯಿತಲ್ಲ ಅನ್ನಿಸಿತು. ವಿಭೂತಿ ಹಚ್ಚುವಂತಿಲ್ಲ, ಮುಟ್ಟಬಾರದು ಎಂಬ ನೆನಪಿತ್ತು. ಮುಟ್ಟದೆ ಮೇಲಿಂದ ಇಟ್ಟರೆ ಆಯಿತು ಎಂದು, ಎರಡು ನಿಂಬೆ ಹೋಳುಗಳನ್ನು ಮೇಲಿನ ಪ್ಲೇಟಿನ ನಟ್ಟನಡುವೆ ಮೆಲ್ಲಗೆ ಇಟ್ಟು ಕೈ ಮುಗಿದೆ. ಶಾಪಿಗೆ ಬೀಗ ಹಾಕಿ ಮನೆಗೆ ಬಂದು ಹೋಳಿಗೆ ಉಂಡೆ.

ಉಕ್ಕಿನ ಮೇಲೆ ಹುಳಿ ಬಿದ್ದರೆ ಏನಾಗುತ್ತದೆಂದು ಪಿಯುಸಿ ಓದಿದ ಮಕ್ಕಳಿಗೂ ಗೊತ್ತು. ನಾನು ಎಂಜಿನಿಯರು!

ಸೋಮವಾರ ಬೆಳಿಗ್ಗೆ ಒಣಗಿದ ಹೋಳುಗಳನ್ನು ಎತ್ತಿದೆ. ಕೆಳಗೆ ಎರಡು ದುಂಡನೆಯ ಕಲೆ. ನೀಲಿಗಪ್ಪು ಪದರ ಎದ್ದುಹೋಗಿ, ನಡುವೆ ಬೂದು ಬಣ್ಣ, ಸುತ್ತ ಕೆಂಪು ತುಕ್ಕು. ರಸ ಹರಿದಲ್ಲೆಲ್ಲ ಗೆರೆ. ಪ್ಲೇಟು ಎದ್ದು ನಿಂತಾಗ ಸರಿಯಾಗಿ ನೋಡುವವರ ಕಣ್ಣಿನ ಮಟ್ಟಕ್ಕೆ ಬರುವ ಜಾಗ. ಮಂಗಳವಾರ ಒಕಿಮೊರಿಯವರು ನೋಡಲು ಬರುವವರಿದ್ದರು, ಬುಧವಾರ ಟ್ರಕ್ಕು, ಗುರುವಾರ ಹೂಸ್ಟನ್ನಿನಲ್ಲಿ ಕ್ರೇನು.

ಪ್ರಕಾಶ್ ಬಂದು ನೋಡಿ ತಲೆಗೆ ಕೈ ಹಚ್ಚಿದರು. “ತಿರುವಿ ಹಾಕಿದ್ರ ಆತಲ್ಲ?” ಎಂದರು.

“ಎರಡೂ ಕಡೆ ಮಂದಿ ಅಡ್ಡಾಡತಾರ್ರೀ,” ಎಂದೆ.

“ಹಂಗಾದ್ರ ಮುಚ್ಚಿಬಿಡು. ನಿನ್ನ ಕೈಯಾಗ ಆಗದ್ದು ಏನೈತಿ?”

ಅದೂ ನಿಜವೇ. ಒಂದು ಚೂರು ಪ್ಲೇಟು ತೆಗೆದುಕೊಂಡು ಅದರ ಮೇಲೂ ನಿಂಬೆರಸ ಹಿಂಡಿ, ಕಲೆ ಉಜ್ಜಿ, ಟಾರ್ಚಿನಿಂದ ಹದವಾಗಿ ಕಾಯಿಸಿ, ಕಪ್ಪು ಹಿಡಿಸುವ ದ್ರಾವಣ ಹಚ್ಚಿ ನೋಡಿದೆ. ಒಂದು ತಾಸಿನಲ್ಲಿ ಕಲೆ ಇದ್ದ ಜಾಗ ಯಾವುದೆಂದು ನಾನೇ ಹುಡುಕಬೇಕಾಯಿತು. ಅಷ್ಟು ಚೆನ್ನಾಗಿ ಬಂದಿತ್ತು! ಒಂದು ಕ್ಷಣ ಹೆಮ್ಮೆಯೂ ಆಯಿತು. ಆದರೆ ನಿಜವಾದ ಪ್ಲೇಟಿನ ಹತ್ತಿರ ಟಾರ್ಚು ಹಿಡಿದು ನಿಂತಾಗ ಕೈ ಮುಂದೆ ಹೋಗಲಿಲ್ಲ. ಯಾರೂ ಮುಟ್ಟದ ಉಕ್ಕು ಎಂದು ಅವರು ಜನರಿಗೆ ತೋರಿಸುತ್ತಾರೆ, ಅದರಲ್ಲಿ ನನ್ನ ಬಣ್ಣದ ತೇಪೆ ಇರುತ್ತದೆ. ಅವರ ಐವತ್ತು ವರ್ಷದ ಕೆಲಸದಲ್ಲಿ ನಾನು ಸುಳ್ಳು ಸೇರಿಸಿದಂತೆ ಆಗುತ್ತದೆ. ಟಾರ್ಚು ಆರಿಸಿದೆ.

“ನಾ ಅವರಿಗೆ ಫೋನ್ ಮಾಡ್ತೀನ್ರೀ,” ಎಂದೆ.

“ಇದೂ ಹೋಗತದ, ಆಸ್ಟಿನ್ನಿಂದೂ ಹೋಗತದ. ವಿಚಾರ ಮಾಡು,” ಎಂದರು ಪ್ರಕಾಶ್. ನಾನು ಫೋನ್ ಹಚ್ಚಿದ್ದನ್ನು ನೋಡಿ ಚಹಾ ಮಾಡಲು ಹೋದರು.

ಒಕಿಮೊರಿಯವರು ಮಧ್ಯಾಹ್ನಕ್ಕೇ ಬಂದರು. ಪ್ಲೇಟಿನ ಮೇಲೆ ಬಗ್ಗಿ ಕಲೆಗಳನ್ನು ನೋಡಿದರು. ಅವರ ಇಂಗ್ಲಿಷು ನಿಧಾನ, ಒಂದೊಂದೇ ಪದ ಆರಿಸಿ ಇಟ್ಟಂತೆ. ನನ್ನ ಹೆಸರಿಗೆ ಅವರ ಕಡೆಯ ಗೌರವದ ‘ಸಾನ್’ ಸೇರಿಸಿಯೇ ಕರೆಯುತ್ತಿದ್ದರು.

“ಇದು ಏನು, ಸುಧಾ ಸಾನ್?”

ನಿಂಬೆಹಣ್ಣು ಎಂದೆ. ವರ್ಷಕ್ಕೊಂದು ದಿನ ನಾವು ಹತ್ಯಾರಗಳನ್ನು ಕೆಲಸಕ್ಕೆ ಬಳಸದೆ ಅವಕ್ಕೆ ಪೂಜೆ ಮಾಡುತ್ತೇವೆ, ನಿಮ್ಮ ಪ್ಲೇಟಿಗೂ ಒಳ್ಳೆಯದಾಗಲಿ ಎಂದು ಇಟ್ಟೆ, ತಪ್ಪು ನನ್ನದೇ, ಶಾಪಿನಲ್ಲಿ ಕೆಲಸ ಮಾಡುವ ಹುಡುಗರದಲ್ಲ ಎಂದೆ.

“ನಮ್ಮ ತಂದೆ ಕಮ್ಮಾರ,” ಎಂದರು. “ನಮ್ಮಲ್ಲೂ ಈ ಹಬ್ಬ ಇದೆ, ಚಳಿಗಾಲದ ಮೊದಲಿಗೆ. ಆ ದಿನ ಒಲೆ ಹಚ್ಚುವುದಿಲ್ಲ. ಒಲೆಗೆ ಗಾಳಿ ಊದುವ ತಿದಿಗೆ ಪೂಜೆ. ನಾವು ಕಿತ್ತಳೆ ಇಡುತ್ತೇವೆ.”

ನನಗೆ ಹೋದ ಜೀವ ಬಂದಂತಾಯಿತು. ಈ ಮನುಷ್ಯನಿಗೆ ಅರ್ಥವಾಗುತ್ತದೆ, ಇನ್ನು ನಕ್ಕುಬಿಡುತ್ತಾರೆ ಎಂದುಕೊಂಡೆ. ಅವರು ನಗಲಿಲ್ಲ.

“ನಮ್ಮ ತಂದೆ ಶಾಲೆಗೆ ಹೋದವರಲ್ಲ,” ಎಂದರು. “ಆದರೆ ಕಿತ್ತಳೆಯನ್ನು ಯಾವತ್ತೂ ಕಬ್ಬಿಣದ ಮೇಲೆ ಇಡಲಿಲ್ಲ.”

ಪ್ರಕಾಶ್ ಚಹಾದ ಕಪ್ಪು ಹಿಡಿದು ಅಲ್ಲೇ ನಿಂತುಬಿಟ್ಟರು. ನನ್ನ ಮುಖಕ್ಕೆ ಹೊಡೆದಂತಾಯಿತು. ಅತ್ತುಬಿಡುತ್ತೇನೇನೋ ಅನ್ನಿಸಿತು, ಆದರೆ ಅಳುವುದಕ್ಕೂ ಹೊತ್ತಿರಲಿಲ್ಲ. “ಇದೇ ಎರಕದ ಇನ್ನೊಂದು ಪ್ಲೇಟು ತರುತ್ತೇನೆ. ಖರ್ಚು ನನ್ನದು. ಗುರುವಾರದ ಕ್ರೇನು ತಪ್ಪುವುದಿಲ್ಲ,” ಎಂದೆ. ಒಂದೇ ಸಲ ಕರಗಿಸಿ ಹೊಯ್ದ ಉಕ್ಕಿಗೆಲ್ಲ ಒಂದೇ ನಂಬರು ಹಾಕಿರುತ್ತಾರೆ. ಬೇರೆ ನಂಬರಿನದಾದರೆ ಬಣ್ಣದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತದೆ, ಅವರ ಕಣ್ಣಿಗೆ ಅದು ತಪ್ಪುವುದಿಲ್ಲ. ಪ್ಲೇಟು ಕೊಂಡಿದ್ದ ಹೂಸ್ಟನ್ನಿನ ಯಾರ್ಡಿಗೆ ಫೋನ್ ಮಾಡಿದೆ. ಆ ನಂಬರಿನವು ಇನ್ನೂ ಎರಡು ಇವೆ ಎಂದರು. ಒಕಿಮೊರಿಯವರು, “ನಾನೂ ಬರುತ್ತೇನೆ,” ಎಂದರು.

ಮರುದಿನ ಬೆಳಿಗ್ಗೆ ಇಬ್ಬರೂ ನನ್ನ ಕಾರಿನಲ್ಲಿ ಹೊರಟೆವು. ನಾಲ್ಕು ತಾಸಿನ ದಾರಿ. ಒಂದು ತಾಸು ಕಳೆಯಿತು. ಆಮೇಲೆ ನಾನೇ ತಡೆಯಲಾರದೆ, ಮುಟ್ಟದ ಉಕ್ಕೇ ಯಾಕೆ ಬೇಕು ಎಂದು ಕೇಳಿದೆ.

ಆಗ ಅವರು ಮಾತಾಡಿದರು. ಹದಿನೆಂಟನೆಯ ವಯಸ್ಸಿಗೆ ಹಡಗು ಕಟ್ಟುವ ಕಾರ್ಖಾನೆಯಲ್ಲಿ ವೆಲ್ಡರ್ ಆಗಿ ಸೇರಿದ್ದು, ಸಂಜೆ ಚಿತ್ರಕಲಾ ಶಾಲೆಗೆ ಹೋಗುತ್ತಿದ್ದದ್ದು. ಮೊದಲ ಪ್ರದರ್ಶನ ಒಂದು ಖಾಲಿ ಸೈಟಿನಲ್ಲಿ, ಸಾರುವೆಯ ಪೈಪುಗಳನ್ನು ಅವುಗಳ ಭಾರಕ್ಕೇ ಬಾಗುವಂತೆ ನಿಲ್ಲಿಸಿದ್ದರಂತೆ. ಬಂದವರು ಮೂರು ಜನ, ಅದರಲ್ಲಿ ಒಬ್ಬ ಪೈಪು ಯಾವಾಗ ತೆಗೆಯುತ್ತೀರಿ ಎಂದು ಕೇಳಲು ಬಂದವನು. ಆಮೇಲೆ ರಬ್ಬರು, ಉಕ್ಕಿನ ಹಗ್ಗ. ಹೆಸರು ಬಂದ ಮೇಲೆ ಒಂದು ದೊಡ್ಡ ಪ್ರದರ್ಶನದಲ್ಲಿ ಅತಿಥಿಗಳು ಬರುತ್ತಾರೆಂದು ಯಾರೋ ಪ್ಲೇಟಿಗೆ ಎಣ್ಣೆ ಹಚ್ಚಿ ಮಿಂಚಿಸಿಬಿಟ್ಟಿದ್ದರು. ಇವರು ಆ ಪ್ಲೇಟನ್ನು ತೆಗೆಸಿ, ಆ ಜಾಗವನ್ನು ಖಾಲಿ ಬಿಟ್ಟೇ ಪ್ರದರ್ಶನ ನಡೆಸಿದರು. ಕೇಳುತ್ತಾ ನನ್ನ ಕಾಲು ತಾನಾಗಿಯೇ ವೇಗ ಹೆಚ್ಚಿಸಿತು.

“ತಂದೆ ದಿನವಿಡೀ ಕಬ್ಬಿಣ ಬಡಿಯುತ್ತಿದ್ದರು,” ಎಂದರು ಕೊನೆಗೆ. “ನಾನು ಹುಟ್ಟಿದಾಗಿನಿಂದ ಕೇಳಿದ್ದು ಆ ಸದ್ದು. ಯಾರೂ ಬಡಿಯದಿದ್ದರೆ ಅದು ಹೇಗಿರುತ್ತದೆ ಎಂದು ನೋಡಬೇಕಿತ್ತು. ಅಷ್ಟೇ.”

ಹೂಸ್ಟನ್ ತಲುಪಿದಾಗ ಹಸಿವಾಗಿತ್ತು. ಹಿಲ್‌ಕ್ರಾಫ್ಟ್ ರಸ್ತೆಯಲ್ಲಿ, ಮಹಾತ್ಮ ಗಾಂಧಿ ಡಿಸ್ಟ್ರಿಕ್ಟಿನ ಒಂದು ಹೋಟೆಲಿಗೆ ಕರೆದುಕೊಂಡು ಹೋದೆ. ಊಟದ ತಟ್ಟೆಯಲ್ಲಿ ಈರುಳ್ಳಿಯ ಜೊತೆ ನಿಂಬೆ ಹೋಳು ಬಂತು. ಅವರು ಅದನ್ನು ಎರಡು ಬೆರಳಲ್ಲಿ ಎತ್ತಿ, ಗಂಭೀರವಾಗಿ ನನ್ನ ತಟ್ಟೆಯಿಂದಲೂ ದೂರ, ಟೇಬಲ್ಲಿನ ಆ ತುದಿಗೆ ಇಟ್ಟರು. ಆಮೇಲೆ ನಕ್ಕರು. ಎರಡು ದಿನದಲ್ಲಿ ನಾನೂ ಆಗಲೇ ಮೊದಲ ಸಲ ನಕ್ಕದ್ದು.

ಯಾರ್ಡಿನಲ್ಲಿ ನಮಗೆ ಬೇಕಾದ ಎರಡೂ ಪ್ಲೇಟುಗಳು ಒಂದು ರಾಶಿಯ ತೀರ ಕೆಳಗಿದ್ದವು. ಅಲ್ಲಿಯ ಮೇಸ್ತ್ರಿ, ನಾಳೆ ನೋಡೋಣ ಎಂದ. ನಾಳೆಯ ಮಾತೇ ಬೇಡ, ಅಳತೆಗೆ ಕತ್ತರಿಸುವುದೂ ಇಲ್ಲೇ, ಇವತ್ತೇ ಆಗಬೇಕು, ನಾನು ಇಲ್ಲಿಂದ ಕದಲುವುದಿಲ್ಲ ಎಂದು ಅವನ ಆಫೀಸಿನ ಬಾಗಿಲಲ್ಲೇ ನಿಂತೆ. ಬೆಳಗಾವಿಯ ಹೆಂಗಸರ ಪರಿಚಯ ಅವನಿಗಿರಲಿಲ್ಲ. ಅರ್ಧ ತಾಸಿನಲ್ಲಿ ಕ್ರೇನು ಬಂತು.

ಸಂಜೆಯ ಹೊತ್ತಿಗೆ ಮೊದಲನೆಯ ಪ್ಲೇಟು ಹೊರಗೆ ಬಂತು. ಒಕಿಮೊರಿಯವರು ಅಷ್ಟು ಹೊತ್ತು ಬಿಸಿಲಲ್ಲಿ ನಿಂತು ಬಸವಳಿದಿದ್ದರು. ಒಂದು ಸುತ್ತು ನೋಡಿ, “ಸಾಕು, ಇದೇ ಇರಲಿ,” ಎಂದರು. ಮೇಸ್ತ್ರಿ ಖುಷಿಯಿಂದ ಕೈ ಎತ್ತಿದ. ನಾನು ಗ್ಲೌಸ್ ಹಾಕಿಕೊಂಡು ಬಗ್ಗಿ, ಸಂಜೆಯ ಓರೆ ಬೆಳಕಿನಲ್ಲಿ ನೋಡಿದೆ. ಬಲಗಡೆ ಮೂಲೆಯಿಂದ ಒಳಕ್ಕೆ ಸರಪಳಿ ತಿಕ್ಕಿದ ಗುರುತು ಇತ್ತು, ಕೂದಲಿನಷ್ಟು ಸಣ್ಣದು. ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು.

“ಇದು ಬೇಡ ಸರ್. ಸರಪಳಿಯ ಗೀರು ಇದೆ. ಇನ್ನೊಂದನ್ನು ತೆಗೆಸೋಣ,” ಎಂದೆ.

ಮೇಸ್ತ್ರಿ ನನ್ನನ್ನು ಶಪಿಸಿರಬೇಕು. ಒಕಿಮೊರಿಯವರು ಬಗ್ಗಿ ಗೀರನ್ನು ನೋಡಿದರು, ನನ್ನನ್ನು ನೋಡಿದರು, ಹೋಗಿ ಒಂದು ಮರದ ದಿಮ್ಮಿಯ ಮೇಲೆ ಕೂತರು. ಎರಡನೆಯ ಪ್ಲೇಟು ಬಂದಾಗ ಅವರು ಏಳಲೇ ಇಲ್ಲ. “ನೀವು ನೋಡಿ ಹೇಳಿ,” ಎಂದರು. ನಾನು ತುದಿಯಿಂದ ತುದಿಗೆ, ಎರಡೂ ಮೈ ನೋಡಿದೆ. ಗೀರಿಲ್ಲ, ಕಲೆಯಿಲ್ಲ. ಮಳೆಗಾಲದ ಮೋಡದಂಥ ನೀಲಿಗಪ್ಪು. “ಇದು ಸರಿ,” ಎಂದೆ. ಅವರು ಅದರ ಹತ್ತಿರವೂ ಬಾರದೆ ಕತ್ತರಿಸಲು ಹೇಳಿದರು.

ಗುರುವಾರ ಐದೂ ಪ್ಲೇಟುಗಳು ಎದ್ದು ನಿಂತವು. ಕ್ಯಾರಲ್ಟನ್‌ನಿಂದ ಟ್ರಕ್ಕಿನ ಜೊತೆ ಬಂದಿದ್ದ ಪ್ರಕಾಶ್ ಒಂದೊಂದೇ ಪ್ಲೇಟಿನ ನಡುವೆ ನಡೆದು ಹೋಗಿ, ಆ ಕಡೆಯಿಂದ ಹೊರಬಂದು, “ಇದು ಮಾತ್ರ ಭಾಳ ಛಲೋ ಐತಿ ಬಿಡು. ಒಳಗ ಹೋದ್ರ ತಣ್ಣಗ ಅನಿಸ್ತದ,” ಎಂದರು. ಯಾವುದು ಹೊಸ ಪ್ಲೇಟು ಎಂದು ಅವರಿಗೆ ತಿಳಿಯಲಿಲ್ಲ. ಆದರೆ ಆಸ್ಟಿನ್ ಬಗ್ಗೆ ಒಕಿಮೊರಿಯವರು ತುಟಿ ಬಿಚ್ಚಲಿಲ್ಲ. ಕೇಳುವ ಮುಖ ನನಗಿರಲಿಲ್ಲ. ನನ್ನ ತಪ್ಪಿಗೆ ಅವರ ಎರಡು ದಿನ ಹಾಳಾಗಿತ್ತು, ಇನ್ನೊಂದು ಕೆಲಸ ಯಾವ ಬಾಯಲ್ಲಿ ಕೇಳಲಿ?

ಶುಕ್ರವಾರ ಅವರನ್ನು ವಿಮಾನ ನಿಲ್ದಾಣಕ್ಕೆ ಬಿಡಲು ನಾನೇ ಹೋದೆ. ಪೆಟ್ಟಿಗೆ ಇಳಿಸಿ, ಕೈ ಮುಗಿದು, ಇನ್ನೊಂದು ಸಲ ಕ್ಷಮೆ ಕೇಳಿದೆ. ಅವರು ಕೋಟಿನ ಜೇಬಿನಿಂದ ಸಣ್ಣ ನೋಟ್‌ಬುಕ್ಕು ತೆಗೆದರು.

“ಮುಂದಿನ ವರ್ಷ ನಿಮ್ಮ ಆ ಪೂಜೆ ಯಾವ ದಿನ?”

ನಮ್ಮ ಹಬ್ಬ ಪ್ರತಿ ವರ್ಷ ಒಂದೇ ತಾರೀಖಿಗೆ ಬರುವುದಿಲ್ಲ, ತಿಥಿ ನೋಡಬೇಕು ಎಂದು ವಿವರಿಸಿ, ಫೋನಿನಲ್ಲಿ ಪಂಚಾಂಗ ತೆಗೆದು ನೋಡಿದೆ. “ಬೇಗ ಬರುತ್ತದೆ, ಅಕ್ಟೋಬರ್ ಶುರುವಿನಲ್ಲೇ,” ಎಂದೆ. “ಯಾಕೆ ಸರ್?”

ಅವರು ಬರೆದುಕೊಂಡು ನೋಟ್‌ಬುಕ್ಕು ಮುಚ್ಚಿದರು.

“ಆಸ್ಟಿನ್ನಿನ ಪ್ಲೇಟುಗಳನ್ನು ಆ ಪೂಜೆ ಮುಗಿದ ಮೇಲೆ ನಿಮಗೆ ಕಳಿಸುತ್ತೇನೆ.”

ಅಷ್ಟು ಹೇಳಿ ತಲೆ ಬಾಗಿಸಿ ಒಳಗೆ ಹೋದರು. ನಾನು ಕಾರಿಗೆ ಬಂದು ಕೂತು, ಸೋಮವಾರದಿಂದ ತಡೆದಿಟ್ಟಿದ್ದ ಅಳುವನ್ನೆಲ್ಲ ಅತ್ತುಬಿಟ್ಟೆ. ಹಿಂದಿನ ಕಾರಿನವನು ಹಾರ್ನ್ ಹೊಡೆದಾಗಲೇ ಎಚ್ಚರ. ಆ ಮುದುಕ ನನ್ನ ತಪ್ಪನ್ನು ತಪ್ಪಲ್ಲ ಅನ್ನಲಿಲ್ಲ, ಪರವಾಗಿಲ್ಲ ಎಂದೂ ಅನ್ನಲಿಲ್ಲ. ಆದರೂ ಅಷ್ಟು ಗೌರವದಿಂದ ನನ್ನನ್ನು ಇನ್ನೊಬ್ಬರು ನಡೆಸಿಕೊಂಡ ನೆನಪು ನನಗಿಲ್ಲ.